ಮೈಗಾವಲು

ಬೆಳಗಿನ ಹೊತ್ತು. ಒಲೆಯ ಮೇಲೆ ಉಕ್ಕಿಬಂದ ಹಾಲಿನ ಪಾತ್ರೆಯನ್ನು ತಾಯಿ ಇಕ್ಕಳದಲ್ಲಿ ಹಿಡಿದು ಕೆಳಗಿಳಿಸುತ್ತಾಳೆ. ಅಂಬೆಗಾಲಿಡುತ್ತ ಬಂದ ಮಗು ಹೊಳೆಯುವ ಆ ಪಾತ್ರೆಯನ್ನು ಕಂಡು ಕೈ ಚಾಚುತ್ತದೆ. "ಬೇಡ ಕಂದಾ" ಎಂದು ತಾಯಿ ಕೂಗುವುದರೊಳಗೆ ಬೆರಳು ಪಾತ್ರೆಗೆ ತಾಗಿಬಿಡುತ್ತದೆ. ತಾಗಿದ ಕ್ಷಣದಲ್ಲಿಯೇ ಕೈ ಹಿಂದಕ್ಕೆ ಸರಿದಿರುತ್ತದೆ. ಅಳು ಬರುವುದು ಆಮೇಲೆ. ಮಗುವಿಗೆ ಬೆಂಕಿಯ ಗುಣ ತಿಳಿಯದು. ಬಿಸಿ ಪಾತ್ರೆಯನ್ನು ಮುಟ್ಟಬಾರದೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಆದರೂ ಅದರ ಕೈ ತಾನಾಗಿಯೇ ಹಿಂದಕ್ಕೆ ಬಂದಿತು. ತಾಯಿಗಿಂತ ಮೊದಲು ಮಗುವನ್ನು ಎಚ್ಚರಿಸಿದವರು ಯಾರು?

ಹಿಂದೆ ಅರಸರಿಗೆ ಮೈಗಾವಲಿನ ಭಟರಿರುತ್ತಿದ್ದರು. ಅರಸನು ಮಲಗಿದ್ದಾಗಲೂ ಅವರು ಎಚ್ಚರವಾಗಿರಬೇಕಾಗಿತ್ತು. ಆದರೆ ಅರಸನಿಗೂ ಆಳಿಗೂ, ಬಡವನಿಗೂ ಬಲ್ಲಿದನಿಗೂ ಹುಟ್ಟಿನೊಡನೆಯೇ ದೊರೆಯುವ ಮೈಗಾವಲು ಒಂದುಂಟು. ಅದಕ್ಕೆ ಸಂಬಳವಿಲ್ಲ, ರಜೆಯಿಲ್ಲ, ನಿದ್ರೆಯೂ ಇಲ್ಲ. ಮನುಷ್ಯನ ಮೈಯನ್ನು ಮುಡಿಯಿಂದ ಅಡಿಯವರೆಗೆ ಹೊದ್ದುಕೊಂಡಿರುವ ಚರ್ಮವೇ ಆ ಕಾವಲುಗಾರ.

ಚರ್ಮಕ್ಕೆ ಸಲ್ಲಬೇಕಾದ ಗೌರವ ಎಂದೂ ಸಂದಿಲ್ಲ. ಹೃದಯವನ್ನು ಕವಿಗಳು ಹಾಡಿದರು. ಮಿದುಳನ್ನು ಪಂಡಿತರು ಕೊಂಡಾಡಿದರು. ಕಣ್ಣನ್ನು ಕಮಲಕ್ಕೆ ಹೋಲಿಸಿದರು. ಚರ್ಮವಾದರೋ 'ತೊಗಲಿನ ಚೀಲ'ವೆನಿಸಿಕೊಂಡಿತು. ಅಂಗಡಿಯವನು ಸಾಮಾನನ್ನು ಕಟ್ಟಿಕೊಡುವ ಕಾಗದದಂತೆ, ಒಳಗಿನ ಸರಕಿಗೆ ಹೊರಗಿನ ಸುತ್ತುಕಾಗದ ಎಂದು ಜನ ಅದನ್ನು ಭಾವಿಸಿದರು. ದೇಹಶಾಸ್ತ್ರದ ಲೆಕ್ಕವೇ ಬೇರೆ. ಬೆಳೆದ ಮನುಷ್ಯನೊಬ್ಬನ ಚರ್ಮವನ್ನು ಹಾಸಿದರೆ ಅದು ಒಂದೂವರೆಯಿಂದ ಎರಡು ಚದರ ಮೀಟರುಗಳಷ್ಟು ಹರಡುತ್ತದೆ. ಹೃದಯ, ಯಕೃತ್ತುಗಳಂತೆ ಚರ್ಮವೂ ಒಂದು ಅಂಗ; ಮೈಯ ಅಂಗಗಳಲ್ಲೆಲ್ಲ ಅತ್ಯಂತ ದೊಡ್ಡದೆಂದು ಅದನ್ನು ಎಣಿಸುತ್ತಾರೆ.

ಈ ಹೊದಿಕೆ ಎಲ್ಲ ಕಡೆಗೂ ಒಂದೇ ದಪ್ಪವಾಗಿಲ್ಲ. ಕಣ್ಣಿನ ರೆಪ್ಪೆಯ ಮೇಲೆ ಅದು ಅತಿ ತೆಳುವು; ಅಂಗೈ ಅಂಗಾಲುಗಳ ಹೊರಪದರ ಬಹಳ ದಪ್ಪ. ಎಲ್ಲಿ ಮಡಿಸಬೇಕೋ ಅಲ್ಲಿ ಸಡಿಲ, ಎಲ್ಲಿ ಹಿಡಿಯಬೇಕೋ ಅಲ್ಲಿ ಬಿಗಿ. ಮೊಣಕೈಯನ್ನು ಚಾಚಿದಾಗ ಅಲ್ಲಿ ನೆರಿಗೆಗಟ್ಟುವ ಚರ್ಮ, ಮಡಿಸಿದಾಗ ಹಿಗ್ಗಿ ನುಣುಪಾಗುತ್ತದೆ. ಇಷ್ಟು ಚೆನ್ನಾಗಿ ಅಳತೆ ತೆಗೆದು ಅಂಗಿ ಹೊಲಿಯಬಲ್ಲ ದರ್ಜಿ ಯಾವ ಪೇಟೆಯಲ್ಲಿಯೂ ಸಿಕ್ಕನು. ಮಗು ಬೆಳೆದಂತೆ ತಾನೂ ಬೆಳೆಯುವ, ಹರಿದರೆ ತಾನೇ ಹೊಲಿದುಕೊಳ್ಳುವ ಅಂಗಿ ಇದೊಂದೇ.

ಹೊರಗಿನಿಂದ ಒಂದೇ ಹಾಳೆಯಂತೆ ಕಾಣುವ ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನದು ಹೊರಚರ್ಮ, ವೈದ್ಯರು ಇದನ್ನು ಎಪಿಡರ್ಮಿಸ್ ಎನ್ನುತ್ತಾರೆ. ಅದರ ಕೆಳಗಿನದು ಒಳಚರ್ಮ, ಎಂದರೆ ಡರ್ಮಿಸ್. ಇವೆರಡರ ಅಡಿಯಲ್ಲಿ ಕೊಬ್ಬಿನ ಮೆತ್ತೆಯೊಂದುಂಟು. ಅದು ಪೆಟ್ಟನ್ನು ತಾಳಿಕೊಳ್ಳುತ್ತದೆ, ಮೈಯ ಬಿಸಿಯನ್ನು ಕಾಯ್ದಿಡುತ್ತದೆ, ಹಸಿವಿನ ದಿನಕ್ಕೆ ಬೇಕಾದ ಶಕ್ತಿಯನ್ನು ಕೂಡಿಡುತ್ತದೆ.

ಹೊರಚರ್ಮದ ಬಾಳು ವಿಚಿತ್ರವಾದುದು. ಅದರ ತಳದಲ್ಲಿ ಹೊಸ ಜೀವಕೋಶಗಳು ಎಡೆಬಿಡದೆ ಹುಟ್ಟುತ್ತಿರುತ್ತವೆ. ಹಿಂದೆ ಹುಟ್ಟಿದವುಗಳನ್ನು ಹೊಸಬರು ಮೇಲಕ್ಕೆ ತಳ್ಳುತ್ತಾರೆ. ಮೇಲೇರುತ್ತ ಏರುತ್ತ ಆ ಕೋಶಗಳಲ್ಲಿ ಕೆರಟಿನ್ ಎಂಬ ಗಟ್ಟಿಯಾದ ಪದಾರ್ಥ ತುಂಬಿಕೊಳ್ಳುತ್ತದೆ. ಉಗುರೂ ಕೂದಲೂ ಆಗಿರುವುದು ಈ ಪದಾರ್ಥದಿಂದಲೇ. ಮೇಲ್ಮೈಯನ್ನು ಮುಟ್ಟುವ ಹೊತ್ತಿಗೆ ಕೋಶಗಳು ಚಪ್ಪಟೆಯಾಗಿ, ಒಣಗಿ, ಸತ್ತಿರುತ್ತವೆ. ಸತ್ತರೂ ಅವುಗಳ ಕೆಲಸ ಮುಗಿಯಲಿಲ್ಲ. ಒಂದರ ಮೇಲೊಂದು ಹೆಂಚುಗಳಂತೆ ಹೊಂದಿಕೊಂಡು, ನಡುವೆ ಜಿಡ್ಡಿನ ಗಾರೆಯಿಂದ ಬೆಸೆದುಕೊಂಡು, ಒಳಗಿನ ಜೀವವನ್ನು ಹೊರಗಿನ ಗಾಳಿ, ನೀರು, ರೋಗಾಣುಗಳಿಂದ ಕಾಯುತ್ತವೆ. ಕೊನೆಗೆ ಕಣ್ಣಿಗೆ ಕಾಣದ ಹೊಟ್ಟಾಗಿ ಉದುರಿಹೋಗುತ್ತವೆ. ಹುಟ್ಟಿನಿಂದ ಉದುರುವವರೆಗಿನ ಈ ಪಯಣಕ್ಕೆ ಒಂದು ತಿಂಗಳು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಹಾವು ಪೊರೆ ಬಿಡುವುದನ್ನು ಕಂಡು ಬೆರಗಾಗುವ ಮನುಷ್ಯನು ತಾನೂ ದಿನದಿನವೂ ಪೊರೆ ಬಿಡುತ್ತಿರುವುದನ್ನು ಅರಿಯನು.

ಹಾಗಾದರೆ ಅಜ್ಜಿಯ ಕೈಮೇಲಿನ ಹಚ್ಚೆ ಅಳಿಸಿಹೋಗಲಿಲ್ಲವೇಕೆ? ಕೊರವಂಜಿ ಬಂದು ಸೂಜಿಯಿಂದ ಚುಚ್ಚಿ ಬಿಡಿಸಿದ ಹಸಿರು ರಂಗವಲ್ಲಿ ಎಪ್ಪತ್ತು ವರ್ಷಗಳಾದರೂ ಹಾಗೆಯೇ ಉಳಿದಿರುತ್ತದೆ. ಹೊರಚರ್ಮ ತಿಂಗಳಿಗೊಮ್ಮೆ ಹೊಸದಾಗುವುದಾದರೆ ಆ ಬಣ್ಣವೂ ಉದುರಬೇಕಾಗಿತ್ತಲ್ಲವೆ? ಉದುರದಿರಲು ಕಾರಣವಿದೆ. ಸೂಜಿಯ ಮೊನೆ ಹೊರಚರ್ಮವನ್ನು ದಾಟಿ ಒಳಚರ್ಮಕ್ಕೆ ಇಳಿದಿತ್ತು. ಬಣ್ಣ ನೆಲೆಸಿದ್ದು ಅಲ್ಲಿ. ಒಳಚರ್ಮವು ಹೊರಚರ್ಮದಂತೆ ಉದುರಿಹೋಗುವ ಪದರವಲ್ಲ. ಅದು ಬಾಳಿನುದ್ದಕ್ಕೂ ಜೊತೆಗಿರುವ ನೆಲ. ರಕ್ತನಾಳಗಳು, ನರಗಳು, ಕೂದಲಿನ ಬೇರುಗಳು, ಬೆವರಿನ ಗ್ರಂಥಿಗಳು, ಎಣ್ಣೆಯ ಗ್ರಂಥಿಗಳು ಎಲ್ಲವೂ ಈ ಪದರದಲ್ಲಿ ಆಶ್ರಯ ಪಡೆದಿವೆ. ಮುಳ್ಳು ಮೆಲ್ಲನೆ ಗೀರಿದಾಗ ರಕ್ತ ಬಾರದು, ಆಳವಾಗಿ ನಾಟಿದಾಗ ಬರುತ್ತದೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲದಿರುವುದೇ ಇದಕ್ಕೆ ಕಾರಣ.

ಒಳಚರ್ಮದ ಗಟ್ಟಿತನ ಕೊಲಾಜನ್ ಎಂಬ ನಾರುಗಳಿಂದ ಬಂದುದು. ಇದರ ಬಲವನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಹಬ್ಬದ ದಿನ ಡೊಳ್ಳಿನ ಮೇಲೆ ಬೀಳುವ ಪೆಟ್ಟನ್ನು ನೋಡಿದರೆ ಸಾಕು. ಡೊಳ್ಳು ತಮಟೆಗಳಿಗೆ ಬಿಗಿದ ತೊಗಲು, ಕಾಲಿನ ಕೆರ, ಪರದೆಯ ಹಿಂದೆ ರಾಮಾಯಣವನ್ನು ಆಡುವ ತೊಗಲುಗೊಂಬೆ ಇವೆಲ್ಲವೂ ಪ್ರಾಣಿಗಳ ಒಳಚರ್ಮದಿಂದಲೇ ಆದವು. ಚರ್ಮವನ್ನು ಹದಮಾಡುವವರು ಕೂದಲನ್ನೂ ಹೊರಚರ್ಮವನ್ನೂ ತೆಗೆದುಹಾಕಿ ಈ ನಾರಿನ ಪದರವನ್ನು ಉಳಿಸಿಕೊಳ್ಳುತ್ತಾರೆ. ಸತ್ತ ಮೇಲೂ ಇಷ್ಟು ಬಾಳುವ ವಸ್ತು ಜೀವವಿರುವಾಗ ಎಷ್ಟು ಬಲವಾಗಿರಬೇಕು!

ಕಾವಲುಗಾರನ ಮೊದಲನೆಯ ಕೆಲಸ ಹೊರಗಿನವರನ್ನು ತಡೆಯುವುದು. ಚರ್ಮದ ಮೇಲ್ಮೈಯಲ್ಲಿ ಸದಾ ತುಸು ಹುಳಿಯ ಗುಣವಿರುತ್ತದೆ. ಅನೇಕ ರೋಗಾಣುಗಳಿಗೆ ಅದು ಒಗ್ಗದು. ಹೇಗೋ ಒಳಹೊಕ್ಕವುಗಳನ್ನು ಹಿಡಿಯಲು ಹೊರಚರ್ಮದಲ್ಲಿ ಪಹರೆಯವರೂ ಇದ್ದಾರೆ. 1868ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಹೊರಚರ್ಮದಲ್ಲಿ ಕವಲೊಡೆದ ಕೋಶಗಳನ್ನು ಕಂಡನು. ಅವು ನರಕ್ಕೆ ಸೇರಿದವೆಂದು ಆತ ಎಣಿಸಿದ. ಅವು ರೋಗಾಣುಗಳ ಸುಳಿವನ್ನು ಹಿಡಿದು ಮೈಯ ರಕ್ಷಣಾಪಡೆಗೆ ಸುದ್ದಿ ಮುಟ್ಟಿಸುವ ದೂತರೆಂಬುದು ನೂರು ವರ್ಷಗಳ ಮೇಲೆ ಗೊತ್ತಾಯಿತು. ಆ ಕೋಶಗಳಿಗೆ ಇಂದಿಗೂ ಅವನದೇ ಹೆಸರು.

ಒಳಗಿನ ನೀರನ್ನು ಹೊರಗೆ ಹೋಗಗೊಡದಿರುವುದೂ ಈ ಕಾವಲಿನ ಭಾಗವೇ. ಮೈಯ ಬಹುಭಾಗ ಸುಟ್ಟ ಮನುಷ್ಯನ ಜೀವ ಅಪಾಯಕ್ಕೀಡಾಗುವುದು ಉರಿಯ ನೋವಿನಿಂದಲ್ಲ. ಕೋಟೆಗೋಡೆ ಬಿದ್ದುಹೋದ ಕಡೆಯಲ್ಲಿ ಒಳಗಿನ ದ್ರವ ಸೋರಿಹೋಗುತ್ತದೆ, ಹೊರಗಿನ ರೋಗಾಣುಗಳು ನುಗ್ಗುತ್ತವೆ. ಸುಟ್ಟ ಗಾಯದ ಮೇಲೆ ಶಾಯಿ, ತುಪ್ಪ, ಹಲ್ಲುಜ್ಜುವ ಪೇಸ್ಟುಗಳನ್ನು ಬಳಿಯುವ ರೂಢಿ ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಉಂಟು. ಅದು ಸಲ್ಲದು. ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡುವುದು, ಬೊಬ್ಬೆಯನ್ನು ಒಡೆಯದಿರುವುದು, ಶುಚಿಯಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರ ಬಳಿಗೆ ಒಯ್ಯುವುದು, ಇಷ್ಟೇ ಮಾಡಬೇಕಾದುದು.

ಚರ್ಮದ ಇನ್ನೊಂದು ಹೊಣೆ ಮೈಯ ಬಿಸಿಯನ್ನು ಹದದಲ್ಲಿಡುವುದು. ಬೇಸಗೆಯಲ್ಲಿ ಮಣ್ಣಿನ ಮಡಕೆಯ ನೀರು ತಂಪಾಗಿರುವುದನ್ನು ಎಲ್ಲರೂ ಬಲ್ಲರು. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಚರ್ಮ ಮಾಡುವುದೂ ಅದನ್ನೇ. ಅದರಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರಿನ ಗ್ರಂಥಿಗಳಿವೆ. ಒಂದು ಲೀಟರು ಬೆವರು ಮೈಮೇಲೆ ಆರಿದರೆ ಸುಮಾರು 580 ಕಿಲೋಕ್ಯಾಲರಿಗಳಷ್ಟು ಶಾಖ ಹೊರಟುಹೋಗುತ್ತದೆ. ರಾಯಚೂರಿನ ಒಣ ಬಿಸಿಲಿನಲ್ಲಿ ದುಡಿಯುವವನ ಬೆವರು ಬೇಗ ಆರುತ್ತದೆ. ಮಂಗಳೂರಿನ ಕಡಲ ಗಾಳಿಯಲ್ಲಿ ತೇವವೇ ತುಂಬಿರುವುದರಿಂದ ಬೆವರು ಆರದೆ ಹರಿಯುತ್ತದೆ, ಮೈ ತಣಿಯುವುದಿಲ್ಲ. ಬಿಸಿಲು ಕಡಿಮೆಯಿದ್ದರೂ ಕರಾವಳಿಯ ಸೆಕೆ ಹೆಚ್ಚೆನಿಸುವುದು ಈ ಕಾರಣದಿಂದ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗಿ ಬಿಸಿಯನ್ನು ಒಳಗೆ ಉಳಿಸುತ್ತವೆ. ಕೂದಲಿನ ಬುಡದ ಪುಟ್ಟ ಸ್ನಾಯುಗಳು ಬಿಗಿದು ರೋಮಗಳು ನಿಮಿರುತ್ತವೆ. ತುಪ್ಪಳವುಳ್ಳ ಪ್ರಾಣಿಗೆ ಇದರಿಂದ ಬೆಚ್ಚಗಾಗುತ್ತದೆ. ತುಪ್ಪಳ ಕಳೆದುಕೊಂಡ ಮನುಷ್ಯನಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಆದರೆ ಒಳ್ಳೆಯ ಹಾಡನ್ನು ಕೇಳಿದಾಗಲೂ ಅವನ ರೋಮಗಳು ನಿಮಿರುತ್ತವೆ! ಹಳಬರು ಅದನ್ನು ಪುಳಕವೆಂದರು, ರೋಮಾಂಚನವೆಂದರು.

ಬಿಸಿಲಿನೊಡನೆ ಚರ್ಮದ ವ್ಯವಹಾರ ಸೂಕ್ಷ್ಮವಾದುದು. ಮೂಳೆಗಳಿಗೆ ಬೇಕಾದ ಡಿ ಜೀವಸತ್ವವನ್ನು ಚರ್ಮ ತಯಾರಿಸುವುದು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ನೆರವಿನಿಂದ. ಅದೇ ಕಿರಣಗಳು ಹೆಚ್ಚಾದರೆ ಜೀವಕೋಶಗಳಿಗೆ ಕೇಡು. ಆದುದರಿಂದ ಹೊರಚರ್ಮದ ತಳದಲ್ಲಿರುವ ವರ್ಣಕೋಶಗಳು ಮೆಲನಿನ್ ಎಂಬ ಕಪ್ಪು ಬಣ್ಣವನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಆ ಬಣ್ಣ ಪ್ರತಿ ಕೋಶದ ನಡುವಿನ ಬೀಜದ ಮೇಲೆ ಕೊಡೆಯಂತೆ ಹರಡಿಕೊಳ್ಳುತ್ತದೆ. ಕಪ್ಪಾಗಿರುವವನ ವರ್ಣಕೋಶಗಳ ಸಂಖ್ಯೆಗೂ ಬೆಳ್ಳಗಿರುವವನ ವರ್ಣಕೋಶಗಳ ಸಂಖ್ಯೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಅವು ಎಷ್ಟು ಬಣ್ಣವನ್ನು, ಯಾವ ಬಗೆಯ ಬಣ್ಣವನ್ನು ಮಾಡುತ್ತವೆ ಎಂಬುದರಲ್ಲಿ ಮಾತ್ರ ಭೇದ. ಪ್ರಖರ ಬಿಸಿಲಿನ ನಾಡುಗಳಲ್ಲಿ ತಲೆಮಾರುಗಳ ಕಾಲ ಬಾಳಿದವರಿಗೆ ದೊಡ್ಡ ಕೊಡೆ, ಮಂದ ಬಿಸಿಲಿನ ನಾಡಿನವರಿಗೆ ಸಣ್ಣ ಕೊಡೆ.

ಕಾಗದದ ಹಾಳೆಯಷ್ಟು ತೆಳುವಾದ ಈ ಹೊರಚರ್ಮದ ಬಣ್ಣವನ್ನು ನೋಡಿ ಮನುಷ್ಯನು ಮನುಷ್ಯನ ಹಣೆಬರಹವನ್ನು ಬರೆದನು. ದಕ್ಷಿಣ ಆಫ್ರಿಕದಲ್ಲಿ 1950ರಲ್ಲಿ ಬಂದ ಕಾಯಿದೆಯೊಂದು ಪ್ರತಿಯೊಬ್ಬ ಪ್ರಜೆಯನ್ನೂ ವರ್ಣಕ್ಕನುಗುಣವಾಗಿ ಪಟ್ಟಿಮಾಡಿತು. ಎಲ್ಲಿ ವಾಸಿಸಬೇಕು, ಎಲ್ಲಿ ಓದಬೇಕು ಎಂಬುದೆಲ್ಲ ಆ ಪಟ್ಟಿಯನ್ನು ಅವಲಂಬಿಸಿತು. 1991ರಲ್ಲಿ ಅದು ರದ್ದಾಗುವವರೆಗೆ ನಲವತ್ತು ವರ್ಷ ಆ ನಾಡಿನ ಬಹುಜನರು ಬವಣೆಪಟ್ಟರು. ದೂರದ ಮಾತೇಕೆ? ಕಪ್ಪಾಗಿ ಹುಟ್ಟಿದ ಹೆಣ್ಣುಮಗುವನ್ನು ಕಂಡು ನಿಟ್ಟುಸಿರು ಬಿಡುವ ಮನೆಗಳು ಇಲ್ಲಿಯೂ ಉಂಟು. ಆ ಮಗು ತನ್ನ ಮೈಯಲ್ಲಿ ಒಳ್ಳೆಯ ಕೊಡೆಯೊಂದನ್ನು ಹೊತ್ತು ತಂದಿದೆಯೆಂದು ಅವರಿಗೆ ಹೇಳುವವರಿಲ್ಲ.

ಇಷ್ಟೆಲ್ಲ ಕೆಲಸಗಳಿದ್ದರೂ ಚರ್ಮದ ಹಿರಿಮೆ ಇರುವುದು ಅದರ ಅರಿವಿನಲ್ಲಿ. ಗೋಡೆ ತಡೆಯುತ್ತದೆ, ಆದರೆ ತಿಳಿಯದು. ಚರ್ಮ ತಡೆಯುತ್ತದೆ, ತಿಳಿಯುತ್ತದೆ, ತಿಳಿಸುತ್ತದೆ. ನವುರಾದ ಮುಟ್ಟುವಿಕೆಯನ್ನು ಅರಿಯುವ ಕಣಗಳನ್ನು 1852ರಲ್ಲಿ ಜರ್ಮನಿಯ ಗಿಯೋರ್ಗ್ ಮೈಸ್ನರ್ ವರ್ಣಿಸಿದನು. ಕಂಪನವನ್ನು ಅರಿಯುವ, ಈರುಳ್ಳಿಯಂತೆ ಪದರಪದರವಾಗಿರುವ ಕಣಗಳಿಗೆ ಇಟಲಿಯ ಫಿಲಿಪ್ಪೊ ಪಾಚೀನಿಯ ಹೆಸರಿದೆ. ಇವು ಎಲ್ಲ ಕಡೆಯೂ ಸಮನಾಗಿ ಹರಡಿಲ್ಲ. ಜರ್ಮನಿಯ ಅರ್ನ್ಸ್ಟ್ ವೇಬರ್ ಎಂಬ ವಿಜ್ಞಾನಿ ಕೈವಾರದ ಎರಡು ಮೊನೆಗಳನ್ನು ಚರ್ಮಕ್ಕೆ ತಾಗಿಸಿ ಪರೀಕ್ಷಿಸಿ, 1834ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರುಗಳ ಅಂತರದಲ್ಲಿದ್ದರೂ ಎರಡು ಮೊನೆಗಳು ಎರಡೆಂದೇ ತಿಳಿಯುತ್ತವೆ. ಬೆನ್ನಿನ ಮೇಲಾದರೋ ಎರಡು ಮೂರು ಸೆಂಟಿಮೀಟರು ದೂರವಿದ್ದರೂ ಒಂದೇ ಎನಿಸುತ್ತದೆ. ಎರಡು ಪೆನ್ಸಿಲುಗಳಿಂದ ಯಾವ ವಿದ್ಯಾರ್ಥಿಯಾದರೂ ಗೆಳೆಯನ ಮೇಲೆ ಇದನ್ನು ಮಾಡಿ ನೋಡಬಹುದು.

ಬೆರಳಿನ ಈ ಅರಿವೇ ಅಂಧರಿಗೆ ಕಣ್ಣಾಯಿತು. ಮೂರರ ಹರೆಯದಲ್ಲಿ ಗಾಯಗೊಂಡು ಮುಂದೆ ದೃಷ್ಟಿ ಕಳೆದುಕೊಂಡ ಫ್ರಾನ್ಸಿನ ಲೂಯಿ ಬ್ರೈಲ್ ರೂಪಿಸಿದ ಆರು ಚುಕ್ಕೆಗಳ ಲಿಪಿ ಬೆರಳತುದಿಯ ಚರ್ಮವನ್ನು ನಂಬಿ ಹುಟ್ಟಿದುದು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಳಕೆಗೆ ಬಂದಿತು. ಇಂದು ಕನ್ನಡವನ್ನು ಬೆರಳಿನಿಂದ ಓದುವ ಮಕ್ಕಳಿದ್ದಾರೆ.

ಬಿಸಿಯನ್ನೂ ನೋವನ್ನೂ ಚರ್ಮ ಅರಿಯುವ ಬಗೆ ಬಹುಕಾಲ ಗೂಢವಾಗಿಯೇ ಇತ್ತು. ಅದನ್ನು ಬಿಡಿಸಲು ನೆರವಾದುದು ಮೆಣಸಿನಕಾಯಿ. ಖಾರದ ಪುಡಿ ಕುಟ್ಟಿದ ಕೈ ಹೊತ್ತಿ ಉರಿಯುತ್ತದೆ. ಅಲ್ಲಿ ಬೆಂಕಿಯಿಲ್ಲ, ಆದರೂ ಉರಿಯೇಕೆ? ಅಮೆರಿಕದ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ 1997ರಲ್ಲಿ ಇದಕ್ಕೆ ಉತ್ತರ ಕಂಡನು. ನರದ ತುದಿಯಲ್ಲಿ ಒಂದು ಪುಟ್ಟ ಬಾಗಿಲುಂಟು. ಸುಮಾರು 43 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲ್ಪಟ್ಟ ಶಾಖ ತಾಗಿದರೆ ಅದು ತೆರೆದು ಅಪಾಯದ ಸುದ್ದಿಯನ್ನು ಕಳುಹಿಸುತ್ತದೆ. ಮೆಣಸಿನಕಾಯಿಯ ಖಾರವೂ ಅದೇ ಬಾಗಿಲನ್ನು ತೆರೆಯುತ್ತದೆ! ಹೀಗೆ ಮಿದುಳು ಖಾರವನ್ನೂ ಬೆಂಕಿಯೆಂದೇ ತಿಳಿಯುತ್ತದೆ. ಒತ್ತಡವನ್ನು ಅರಿಯುವ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್‌ನೊಡನೆ ಜೂಲಿಯಸ್‌ನಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಹಾಲಿನ ಪಾತ್ರೆಯನ್ನು ಮುಟ್ಟಿದ ಮಗುವಿನ ಚರ್ಮದಲ್ಲಿ ತೆರೆದುದು ಇಂಥ ಬಾಗಿಲೇ. ಅಲ್ಲಿಂದ ಹೊರಟ ಸುದ್ದಿ ಬೆನ್ನುಹುರಿಯನ್ನು ಮುಟ್ಟಿತು. ಮಿದುಳಿನ ಅಪ್ಪಣೆಗಾಗಿ ಕಾಯದೆ ಬೆನ್ನುಹುರಿ ಕೈಯ ಸ್ನಾಯುಗಳಿಗೆ ಆಜ್ಞೆ ಕೊಟ್ಟಿತು. ನೋವೆಂಬುದು ಮಿದುಳಿಗೆ ತಿಳಿಯುವಷ್ಟರಲ್ಲಿ ಕೈ ಪಾರಾಗಿತ್ತು.

ನೋವಿಲ್ಲದಿದ್ದರೆ ಬಾಳು ಎಷ್ಟು ಚೆನ್ನ ಎಂದು ಹಲವರು ಹಂಬಲಿಸುತ್ತಾರೆ. ನೋವಿಲ್ಲದ ಚರ್ಮದ ಪಾಡು ಏನೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಪಾಲ್ ಬ್ರ್ಯಾಂಡ್ ಪ್ರಮುಖನು. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿದ ಈ ಶಸ್ತ್ರವೈದ್ಯನು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದನು. ಕುಷ್ಠರೋಗಿಗಳ ಬೆರಳುಗಳು ಮೊಂಡಾಗಿರುವುದನ್ನು ಕಂಡನು. ರೋಗವೇ ಮಾಂಸವನ್ನು ತಿಂದುಹಾಕುತ್ತದೆಂದು ಆಗ ಎಲ್ಲರೂ ನಂಬಿದ್ದರು.

ಒಂದು ದಿನ ಉಗ್ರಾಣದ ತುಕ್ಕುಹಿಡಿದ ಬೀಗವನ್ನು ತೆರೆಯಲು ಬ್ರ್ಯಾಂಡ್ ಹೆಣಗುತ್ತಿದ್ದನು. ಕೀಲಿಕೈ ಅಲುಗಲೊಲ್ಲದು. ಹನ್ನೆರಡರ ಹರೆಯದ ಬಡಕಲು ಹುಡುಗನೊಬ್ಬ, ರೋಗಿಗಳಲ್ಲೊಬ್ಬ, ತಾನು ತೆರೆಯುವೆನೆಂದು ಮುಂದೆ ಬಂದನು. ಕೀಲಿಕೈಯನ್ನು ಹಿಡಿದು ಒಮ್ಮೆಗೇ ತಿರುಗಿಸಿಬಿಟ್ಟನು. ದೊಡ್ಡವರಿಗಾಗದ ಕೆಲಸ ಈ ಎಳೆಯನಿಂದ ಹೇಗಾಯಿತೆಂದು ಬ್ರ್ಯಾಂಡ್ ಬೆರಗಾಗುತ್ತಿರುವಾಗಲೇ ನೆಲದ ಮೇಲೆ ರಕ್ತದ ಹನಿ ಕಾಣಿಸಿತು. ಹುಡುಗನ ಕೈಯನ್ನು ಹಿಡಿದು ನೋಡಿದರೆ ಕೀಲಿಕೈ ಬೆರಳನ್ನು ಮೂಳೆಯವರೆಗೆ ಸೀಳಿತ್ತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ.

ಆ ಬೆರಳು ಬ್ರ್ಯಾಂಡ್‌ನ ಕಣ್ಣು ತೆರೆಸಿತು. ಕುಷ್ಠದ ರೋಗಾಣು ಬೆರಳನ್ನು ತಿನ್ನುವುದಿಲ್ಲ. ಅದು ಚರ್ಮದ ನರಗಳನ್ನು ಕೆಡಿಸಿ ಕಾವಲುಗಾರನ ಬಾಯಿ ಕಟ್ಟುತ್ತದೆ. ಸುಡುವ ಪಾತ್ರೆ ಸುಡುವುದೆಂದು ತಿಳಿಯದು. ಚುಚ್ಚಿದ ಮುಳ್ಳು ಚುಚ್ಚಿತೆಂದು ತಿಳಿಯದು. ಗಾಯ ಗಾಯದ ಮೇಲೆ ಬಿದ್ದು, ಕೀವಾಗಿ, ಬೆರಳು ಸವೆದುಹೋಗುತ್ತದೆ. ಕೆಲವು ರೋಗಿಗಳು ಬೆಳಗೆದ್ದು ನೋಡಿದರೆ ಬೆರಳಿನ ತುಂಡೇ ಇರುತ್ತಿರಲಿಲ್ಲ. ರಾತ್ರಿ ಕಾದು ನೋಡಿದಾಗ ನಿಜ ಹೊರಬಿದ್ದಿತು. ಮಲಗಿದವರ ಬೆರಳನ್ನು ಇಲಿಗಳು ಕಡಿಯುತ್ತಿದ್ದವು. ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅಂದಿನಿಂದ ಊರಿಗೆ ಹೊರಟ ರೋಗಿಗಳಿಗೆ ಬೆಕ್ಕನ್ನು ಕೊಟ್ಟು ಕಳುಹಿಸಲಾಯಿತು. ಮುಂದೆ ಅಮೆರಿಕದಲ್ಲಿ ಬ್ರ್ಯಾಂಡ್‌ನೂ ಅವನ ಸಂಗಡಿಗರೂ ಅಪಾಯವನ್ನು ಎಚ್ಚರಿಸುವ ಯಂತ್ರದ ಕೈಗವಸನ್ನು ಮಾಡಲು ಹಲವು ವರ್ಷ ಶ್ರಮಿಸಿದರು. ಅದು ಕೈಗೂಡಲಿಲ್ಲ. ತೊಟ್ಟವರು ಬೇಡವೆನಿಸಿದಾಗ ಯಂತ್ರವನ್ನು ಆರಿಸಿಬಿಡುತ್ತಿದ್ದರು. ಆರಿಸಲು ಬಾರದಿರುವುದೇ ನೋವಿನ ಹೆಚ್ಚುಗಾರಿಕೆಯೆಂಬುದು ಆಗ ಮನದಟ್ಟಾಯಿತು.

ಕುಷ್ಠರೋಗಿಯ ಚರ್ಮ ಕಳೆದುಕೊಂಡುದು ಸ್ಪರ್ಶವನ್ನು. ಸಮಾಜ ಅವನಿಂದ ಕಿತ್ತುಕೊಂಡುದೂ ಸ್ಪರ್ಶವನ್ನೇ. ಪಾಪದ ಫಲವೆಂದು, ಮುಟ್ಟಿದರೆ ಅಂಟುವುದೆಂದು ಅವನನ್ನು ಊರ ಹೊರಗಿಟ್ಟರು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯನು ರೋಗಾಣುವನ್ನು ಕಂಡುಹಿಡಿದು, ಇದು ಪಾಪವಲ್ಲ, ರೋಗ ಎಂಬುದಕ್ಕೆ ಆಧಾರ ಒದಗಿಸಿದನು. ಆದರೂ ಭಾರತದಲ್ಲಿ 1898ರಲ್ಲಿ ಬಡ ರೋಗಿಗಳನ್ನು ಹಿಡಿದು ಬೇರೆಯಿಡುವ ಕಾಯಿದೆ ಬಂದಿತು. ಅದು ಕೇಂದ್ರದ ಕಾನೂನು ಪುಸ್ತಕದಿಂದ ಅಳಿಸಿಹೋದದ್ದು 2016ರಲ್ಲಿ. ಸೇವಾಗ್ರಾಮದಲ್ಲಿ 1940ರ ಸುಮಾರಿಗೆ ಪರಚುರೆ ಶಾಸ್ತ್ರಿಗಳೆಂಬ ಸಂಸ್ಕೃತ ವಿದ್ವಾಂಸರಿಗೆ ಈ ರೋಗವಿದ್ದಾಗ, ಗಾಂಧೀಜಿ ಅವರನ್ನು ಆಶ್ರಮದಲ್ಲಿರಿಸಿಕೊಂಡು ತಮ್ಮ ಕೈಯಿಂದಲೇ ಅವರ ಮೈಯನ್ನು ತಿಕ್ಕಿ ಉಪಚರಿಸಿದರು. ಔಷಧಿಗಿಂತ ಮೊದಲು ಆ ರೋಗಿಗೆ ದೊರೆತುದು ಮನುಷ್ಯನ ಕೈ.

ಇಂದು ಔಷಧಿಗೆ ಕೊರತೆಯಿಲ್ಲ. ಹಲವು ಮದ್ದುಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿತು. ಆರು ತಿಂಗಳು ಅಥವಾ ಒಂದು ವರ್ಷದ ಈ ಚಿಕಿತ್ಸೆಯಿಂದ ರೋಗ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಆದರೂ ಭಾರತದಲ್ಲಿ ಇಂದಿಗೂ ವರ್ಷಕ್ಕೆ ಸುಮಾರು ಒಂದು ಲಕ್ಷ ಜನರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಳ್ಳುತ್ತಿದೆ. ಮೈಮೇಲೆ ಮಾಸಲು ಬಿಳುಪಿನ ಅಥವಾ ನಸುಗೆಂಪಿನ ಮಚ್ಚೆ ಮೂಡಿ, ಅಲ್ಲಿ ಮುಟ್ಟಿದರೆ ತಿಳಿಯದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ತೊನ್ನು ಇದಲ್ಲ; ಅದರಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಸ್ಪರ್ಶದ ಅರಿವು ಉಳಿದಿರುತ್ತದೆ, ಮತ್ತು ಅದು ಯಾರಿಗೂ ಅಂಟುವುದಿಲ್ಲ. ಮಚ್ಚೆಯನ್ನು ಅಂಗಿಯೊಳಗೆ ಬಚ್ಚಿಡುವಂತೆ ಮಾಡುವುದು ರೋಗವಲ್ಲ, ನೆರೆಹೊರೆಯವರ ಭಯ.

ರೋಗವಿಲ್ಲದವರನ್ನೂ ಮುಟ್ಟದೆ ದೂರವಿಟ್ಟ ಕಥೆ ಇನ್ನೂ ಹಳೆಯದು. ಸತ್ತ ದನದ ತೊಗಲನ್ನು ಹದಮಾಡಿ ಕೆರ ಹೊಲಿದುಕೊಟ್ಟವನ ಕೈಯನ್ನು ಮುಟ್ಟಬಾರದೆಂದರು. ಅವನು ಹೊಲಿದ ಕೆರವನ್ನು ಮಾತ್ರ ಮೆಟ್ಟಿ ನಡೆದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಕಾನೂನು ತೊಡೆದುದನ್ನು ಮನಸ್ಸು ತೊಡೆಯಬೇಕಾದ ಕೆಲಸ ಇನ್ನೂ ಉಳಿದಿದೆ. ಬೇರೊಬ್ಬನ ನೋವು ತಿಳಿಯದ ಸಮಾಜದ ಪಾಡು ಬೀಗ ತೆರೆದ ಆ ಹುಡುಗನ ಬೆರಳಿನ ಪಾಡೇ. ತನ್ನ ಮೈಯ ಒಂದು ಭಾಗ ಸೀಳಿಹೋಗುತ್ತಿದ್ದರೂ ಅದಕ್ಕೆ ಅರಿವಿರುವುದಿಲ್ಲ.

ಅತ್ತ ಅಡುಗೆಮನೆಯಲ್ಲಿ ತಾಯಿ ಮಗುವನ್ನೆತ್ತಿಕೊಂಡು ಬೆರಳಿನ ಮೇಲೆ ತಣ್ಣೀರು ಬಿಡುತ್ತಿದ್ದಾಳೆ. ಅಳು ಇನ್ನೂ ನಿಂತಿಲ್ಲ. ಇನ್ನೊಂದು ಕೈಯಿಂದ ಅವಳು ಅದರ ಬೆನ್ನನ್ನು ಮೆಲ್ಲಮೆಲ್ಲನೆ ನೇವರಿಸುತ್ತಾಳೆ. ಹೀಗೆ ನಿಧಾನವಾಗಿ ನೇವರಿಸಿದಾಗಲೇ ಚೆನ್ನಾಗಿ ಸ್ಪಂದಿಸುವ ನರತಂತುಗಳು ಚರ್ಮದಲ್ಲಿ ಉಂಟೆಂದು ವಿಜ್ಞಾನ ಈಚೆಗೆ ಕಂಡುಕೊಂಡಿದೆ. ತಾಯಂದಿರು ಅದನ್ನು ಮೊದಲಿನಿಂದಲೂ ಬಲ್ಲರು. ಉರಿಯನ್ನು ಕೂಗಿ ಹೇಳಿದ ಚರ್ಮವೇ ಈಗ ತಾಯಿಯ ಕೈಯನ್ನೂ ಗುರುತಿಸುತ್ತದೆ. ಮಗುವಿನ ಅಳು ಬಿಕ್ಕಾಗಿ, ಬಿಕ್ಕು ಉಸಿರಾಗಿ, ಅದು ತಾಯಿಯ ಹೆಗಲಿಗೊರಗಿ ನಿದ್ದೆಹೋಗುತ್ತದೆ. ಮೈಗಾವಲು ಮಾತ್ರ ಎಚ್ಚರವಾಗಿಯೇ ಇರುತ್ತದೆ.